ಸಾರಿಗೆ ಬಸ್ಸಿನ ಗಾಯಾಳು ಮತ್ತು ಪರಿಹಾರದ ಹಕ್ಕು

ಸಾರಿಗೆ ಬಸ್ಸಿನ ಅಪಘಾತದಲ್ಲಿ ಗಾಯಗೊಂಡವರು ಅಥವಾ ಸತ್ತವರ ಮನೆಯವರು ನ್ಯಾಯಾಧಿಕರಣಕ್ಕೆ ಅರ್ಜಿ ಹಾಕಿ ಪರಿಹಾರ ಕೇಳುವುದು ಇಂದು ಕರ್ನಾಟಕದ ನ್ಯಾಯಾಲಯಗಳಲ್ಲಿ ನಿತ್ಯವೂ ಕಾಣುವ ಸಂಗತಿ. ವಕೀಲರೂ ಕಕ್ಷಿದಾರರೂ ‘ಎಂವಿಸಿ ಕೇಸು’ ಎಂದು ಕರೆಯುವ ಈ ಪ್ರಕರಣಗಳ ಹಿಂದಿರುವ ಹಕ್ಕು ಒಮ್ಮೆಲೇ ಬಂದದ್ದಲ್ಲ. ಇದರ ಚರಿತ್ರೆಯನ್ನು ಆದ್ಯಂತವಾಗಿ ನೋಡಿದರೆ, ಗಾಯಾಳುವಿನ ಮೇಲಿದ್ದ ಹೊರೆಗಳನ್ನು ಕಾನೂನು ಒಂದೊಂದಾಗಿ ಇಳಿಸುತ್ತ ಬಂದದ್ದೂ, ತೀರ್ಪಾದ ಹಣವನ್ನು ವಸೂಲು ಮಾಡಿಕೊಳ್ಳುವ ಕೊನೆಯ ಹೊರೆಯನ್ನು ಮಾತ್ರ ಇನ್ನೂ ಅವರಿಗೇ ಬಿಟ್ಟಿರುವುದೂ ತಿಳಿದುಬರುತ್ತದೆ.

ಭಾರತದ ಕಾನೂನು ಈ ವಿಷಯದಲ್ಲಿ ಇಂಗ್ಲೆಂಡಿನ ದಾರಿಯನ್ನೇ ಹಿಡಿಯಿತು. 1808ರಲ್ಲಿ ಲಂಡನ್ನಿನ ನ್ಯಾಯಾಲಯವೊಂದರ ಮುಂದೆ ಬಂದ ಪ್ರಕರಣದಲ್ಲಿ, ಬಾಡಿಗೆಯ ಕುದುರೆ ಸಾರೋಟಿನ ಮೇಲ್ಭಾಗದಲ್ಲಿ ಕುಳಿತು ಪ್ರಯಾಣಿಸುತ್ತಿದ್ದ ಗಂಡಹೆಂಡತಿ ಸಾರೋಟು ಮಗುಚಿ ಗಾಯಗೊಂಡಿದ್ದರು. ಸುಮಾರು ಒಂದು ತಿಂಗಳ ನಂತರ ಹೆಂಡತಿ ತೀರಿಕೊಂಡರು. ನ್ಯಾಯಮೂರ್ತಿ ಲಾರ್ಡ್ ಎಲೆನ್‌ಬರೋ ಅವರು ಗಂಡನಿಗೆ ತನ್ನ ಸ್ವಂತ ಗಾಯಕ್ಕೂ, ಹೆಂಡತಿ ಬದುಕಿದ್ದಷ್ಟು ದಿನ ಅವಳ ಆಸರೆ ತಪ್ಪಿದ್ದಕ್ಕೂ ಪರಿಹಾರ ಸಿಗಬಹುದೆಂದೂ, ಸಾವಿನಿಂದಾದ ನಷ್ಟಕ್ಕೆ ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರವಿಲ್ಲವೆಂದೂ ವಿಧಿಸಿದರು. ಈ ನಿಯಮದ ಪ್ರಕಾರ ಪ್ರಯಾಣಿಕನ ಕಾಲು ಮುರಿದರೆ ಹಣ ತೆರಬೇಕಾಗಿದ್ದ ಸಾರೋಟಿನ ಮಾಲೀಕ, ಅದೇ ಪ್ರಯಾಣಿಕ ಸತ್ತರೆ ಹೊಣೆಯಿಂದ ಪಾರಾಗುತ್ತಿದ್ದ. ರೈಲುಗಳು ಬಂದು ಅಪಘಾತಗಳು ಹೆಚ್ಚಿದ ಮೇಲೆ, 1846ರಲ್ಲಿ ಇಂಗ್ಲೆಂಡಿನ ಸಂಸತ್ತು ಮೃತರ ಕುಟುಂಬಕ್ಕೆ ದಾವೆ ಹೂಡುವ ಅಧಿಕಾರ ಕೊಟ್ಟಿತು. ಭಾರತದಲ್ಲಿ 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕ ರೈಲು ಓಡಿತು. ಅದಾದ ಎರಡೇ ವರ್ಷಕ್ಕೆ, 1855ರಲ್ಲಿ, ಇಂಗ್ಲೆಂಡಿನ ಮಾದರಿಯ ಮಾರಕ ಅಪಘಾತಗಳ ಕಾಯಿದೆ ಇಲ್ಲಿಯೂ ಜಾರಿಗೆ ಬಂತು.

ಹಕ್ಕು ಕಾಗದದ ಮೇಲೆ ಬಂದರೂ ಅದನ್ನು ಪಡೆಯುವ ದಾರಿ ಸಾಮಾನ್ಯ ಸಿವಿಲ್ ದಾವೆಯೇ ಆಗಿತ್ತು. ಕೇಳುವ ಮೊತ್ತಕ್ಕೆ ತಕ್ಕಂತೆ ಮೊದಲೇ ನ್ಯಾಯಾಲಯ ಶುಲ್ಕ ಕಟ್ಟಿ, ಚಾಲಕನ ನಿರ್ಲಕ್ಷ್ಯವನ್ನು ಸಾಕ್ಷಿಗಳ ಮೂಲಕ ರುಜುವಾತುಪಡಿಸಿ, ವರ್ಷಗಟ್ಟಲೆ ಕಾದು ಡಿಕ್ರಿ ಪಡೆದರೂ, ಒಂದೆರಡು ಬಸ್ಸುಗಳನ್ನಿಟ್ಟುಕೊಂಡ ಖಾಸಗಿ ಮಾಲೀಕನಲ್ಲಿ ಕೊಡಲು ಹಣವಿಲ್ಲದಿದ್ದರೆ ಆ ಡಿಕ್ರಿಗೆ ಬೆಲೆಯಿರಲಿಲ್ಲ. 1939ರ ಮೋಟಾರು ವಾಹನಗಳ ಕಾಯಿದೆ ಇದಕ್ಕೆ ಕಡ್ಡಾಯ ವಿಮೆಯ ಪರಿಹಾರವನ್ನು ಕಂಡುಕೊಂಡಿತಾದರೂ, ಆ ಅಧ್ಯಾಯ ಜಾರಿಯಾದದ್ದು 1946ರ ಜುಲೈ 1ರಿಂದ. ಅದರಲ್ಲಿಯೂ ಬಸ್ಸಿನ ಒಬ್ಬೊಬ್ಬ ಪ್ರಯಾಣಿಕನಿಗೆ ವಿಮಾ ಕಂಪನಿ ಕೊಡಬೇಕಾದ ಹಣ 2,000 ರೂಪಾಯಿ ಮೀರುವಂತಿರಲಿಲ್ಲ. 1969ರ ತಿದ್ದುಪಡಿಯಲ್ಲಿ ಆ ಮಿತಿ 5,000 ರೂಪಾಯಿಗೂ, 1982ರಲ್ಲಿ 15,000 ರೂಪಾಯಿಗೂ ಏರಿತು. ಬಸ್ಸು ಹತ್ತುವವರಲ್ಲಿ ಬಡವರೇ ಹೆಚ್ಚಿದ್ದ ಕಾಲದಲ್ಲಿ ಅವರ ಜೀವದ ಮೇಲಿನ ವಿಮೆ ಇಷ್ಟಕ್ಕೇ ನಿಂತಿತ್ತೆಂಬುದನ್ನು ಈ ಚರಿತ್ರೆ ಮರೆಯುವಂತಿಲ್ಲ.

ಇದೇ ಹೊತ್ತಿಗೆ ಬಸ್ಸಿನ ಒಡೆತನವೂ ಬದಲಾಗತೊಡಗಿತು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. 1961ರ ಆಗಸ್ಟ್ 1ರಂದು ಅದು ನಿಗಮವಾಗಿ, ರಾಜ್ಯದ ಹೆಸರು ಬದಲಾದ ಮೇಲೆ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವೆನಿಸಿತು. ಬಸ್ಸು ಸರ್ಕಾರದ್ದಾದಾಗ, ಸರ್ಕಾರವನ್ನು ಅದರ ನೌಕರನ ತಪ್ಪಿಗೆ ಹೊಣೆ ಮಾಡಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ರಾಜಸ್ಥಾನ ಸರ್ಕಾರದ ಜೀಪೊಂದು ಪಾದಚಾರಿಯ ಮೇಲೆ ಹರಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1962ರಲ್ಲಿ, ಖಾಸಗಿ ಮಾಲೀಕನಂತೆಯೇ ಸರ್ಕಾರವೂ ತನ್ನ ಚಾಲಕನ ನಿರ್ಲಕ್ಷ್ಯಕ್ಕೆ ಹೊಣೆಯೆಂದು ತೀರ್ಮಾನಿಸಿತು. ಆದರೆ ಒಂದು ವಿಷಯದಲ್ಲಿ ಸರ್ಕಾರಿ ಬಸ್ಸು ಬೇರೆಯಾಗಿಯೇ ಉಳಿಯಿತು: ಹೊಣೆಯನ್ನು ತೀರಿಸಲು ಸ್ವಂತ ನಿಧಿಯೊಂದನ್ನು ಇಟ್ಟುಕೊಂಡ ಸಾರಿಗೆ ಸಂಸ್ಥೆಗೆ ಕಡ್ಡಾಯ ವಿಮೆಯಿಂದ ವಿನಾಯಿತಿ ಕೊಡಬಹುದೆಂದು ಕಾಯಿದೆ ಹೇಳಿತು. ಈ ವಿನಾಯಿತಿಯ ಪರಿಣಾಮ ವಸೂಲಿಯ ಹಂತದಲ್ಲಿ ಎದ್ದು ಕಾಣುತ್ತದೆ.

ಗಾಯಾಳುವಿನ ದೃಷ್ಟಿಯಿಂದ ಎಲ್ಲಕ್ಕಿಂತ ದೊಡ್ಡ ತಿರುವು 1956ರ ತಿದ್ದುಪಡಿ. ಮೋಟಾರು ಅಪಘಾತದ ಪರಿಹಾರವನ್ನೇ ವಿಚಾರಿಸುವ ನ್ಯಾಯಾಧಿಕರಣ, ಅಂದರೆ ಸಿವಿಲ್ ಪ್ರಕ್ರಿಯೆಯ ತೊಡಕುಗಳನ್ನು ಕಡಿಮೆ ಮಾಡಿ ಸಂಕ್ಷಿಪ್ತ ವಿಚಾರಣೆಯಿಂದ ತೀರ್ಮಾನ ಕೊಡುವ ವಿಶೇಷ ಪೀಠ, ಅದರಿಂದ ಸಾಧ್ಯವಾಯಿತು. ಬೆಂಗಳೂರಿನಲ್ಲಿ ಲಘು ವ್ಯಾಜ್ಯಗಳ ನ್ಯಾಯಾಲಯದ ನ್ಯಾಯಾಧೀಶರೇ ಈ ಕೆಲಸವನ್ನು ನಿರ್ವಹಿಸುತ್ತಾರೆ. ಆದರೆ ಬಾಗಿಲು ತೆರೆದ ಕಾನೂನೇ ಅದಕ್ಕೆ ಗಡುವನ್ನೂ ಇಟ್ಟಿತು: ಅಪಘಾತವಾದ 60 ದಿನಗಳೊಳಗೆ ಅರ್ಜಿ ಸಲ್ಲಿಸಬೇಕಿತ್ತು. ಮೂಳೆ ಮುರಿದು ಆಸ್ಪತ್ರೆಯಲ್ಲಿ ಮಲಗಿದವನಿಗೆ ಎರಡು ತಿಂಗಳು ಸಾಲದೆಂಬುದು ಅರಿವಾಗಿ 1969ರ ತಿದ್ದುಪಡಿಯಲ್ಲಿ ಅದು ಆರು ತಿಂಗಳಾಯಿತು.

ನಿರ್ಲಕ್ಷ್ಯವನ್ನು ರುಜುವಾತುಪಡಿಸುವ ಹೊರೆ ಮಾತ್ರ ಹಾಗೆಯೇ ಇತ್ತು. ಯಾರ ತಪ್ಪೆಂದು ತೋರಿಸದೆ ಪರಿಹಾರವಿಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಇದರ ಕಾಠಿಣ್ಯವನ್ನು ತಗ್ಗಿಸಲು ಶ್ರಮಿಸಿದವರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಪ್ರಮುಖರು. ಹರಿಯಾಣದ ಸಾರಿಗೆ ಬಸ್ಸಿಗೆ ಸಿಕ್ಕಿ ಮನೆಯ ದುಡಿಯುವ ವ್ಯಕ್ತಿ ಸತ್ತಾಗ ಪರಿಹಾರ ಕೇಳಿದ ವಿಧವೆ ಮತ್ತು ಮಗಳು ನ್ಯಾಯಾಲಯ ಶುಲ್ಕ ಕಟ್ಟಲಿಲ್ಲವೆಂದು ಸರ್ಕಾರವೇ ತಕರಾರು ತೆಗೆದಿತ್ತು. 1979ರ ತೀರ್ಪಿನಲ್ಲಿ ಅವರು ಆ ನಡೆಯನ್ನು ಕಟುವಾಗಿ ಖಂಡಿಸಿದರು. ಮರುವರ್ಷದ ಇನ್ನೊಂದು ತೀರ್ಪು ತಮಿಳುನಾಡಿನ ಬಸ್ಸೊಂದು ರಾತ್ರಿ ಹೊತ್ತು ಜೋತುಬಿದ್ದ ವಿದ್ಯುತ್ ತಂತಿಗೆ ತಾಗಿ ಎಂಟು ಜನ ಸ್ಥಳದಲ್ಲೇ ಸತ್ತ ಪ್ರಕರಣದ್ದು. ಚಾಲಕ ಕ್ರಿಮಿನಲ್ ನ್ಯಾಯಾಲಯದಲ್ಲಿ ಬಿಡುಗಡೆಯಾದ ಮಾತ್ರಕ್ಕೆ ಮಾಲೀಕ ಪರಿಹಾರದ ಹೊಣೆಯಿಂದ ಬಿಡುಗಡೆಯಾಗುವುದಿಲ್ಲವೆಂದು ಅಲ್ಲಿ ತೀರ್ಮಾನವಾಯಿತು. 1982ರ ಅಕ್ಟೋಬರ್ 1ರಿಂದ ತಪ್ಪನ್ನು ವಿಚಾರಿಸದೆಯೇ ಕೊಡಬೇಕಾದ ಪರಿಹಾರ ಮೊದಲ ಬಾರಿಗೆ ಕಾನೂನಾಗಿ, ಸಾವಿಗೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಗೊತ್ತಾಯಿತು. ಗುಜರಾತಿನ ಸಾರಿಗೆ ನಿಗಮದ ವಾಹನಕ್ಕೆ ಬಲಿಯಾದ ಹದಿನಾಲ್ಕು ವರ್ಷದ ಬಾಲಕನ ಸೋದರರೂ ಪರಿಹಾರ ಕೇಳಬಹುದೆಂದು 1987ರಲ್ಲಿ ಬರೆದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯನವರು ಕರ್ನಾಟಕದವರು. 1855ರ ಕಾಯಿದೆ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು ಎಂಬ ಸಾಲಿಗೆ ಮಿತಗೊಳಿಸಿದ್ದ ಹಕ್ಕನ್ನು ಅವರು ಭಾರತೀಯ ಕುಟುಂಬದ ವಾಸ್ತವಕ್ಕೆ ಹೊಂದಿಸಿ ವಿಸ್ತರಿಸಿದರು.

1988ರ ಹೊಸ ಕಾಯಿದೆ ಪ್ರಯಾಣಿಕನ ವಿಮೆಗಿದ್ದ ಮೊತ್ತದ ಮಿತಿಯನ್ನು ತೆಗೆದುಹಾಕಿತು. 1994ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಅರ್ಜಿ ಹಾಕುವ ಗಡುವನ್ನೇ ರದ್ದುಪಡಿಸಿ, ಅಪಘಾತ ನಡೆದ ಊರಿಗೆ ಅಲೆಯುವ ಬದಲು ತಾನು ವಾಸಿಸುವ ಊರಿನಲ್ಲಿಯೇ ಅರ್ಜಿ ಹಾಕಲು ಗಾಯಾಳುವಿಗೆ ಅವಕಾಶ ಕೊಟ್ಟಿತು. ಹೊರಜಿಲ್ಲೆಯ ಹೆದ್ದಾರಿಯಲ್ಲಿ ಬಸ್ಸು ಮಗುಚಿ ಗಾಯಗೊಂಡ ಕೂಲಿಕಾರನಿಗೆ ಇದು ನಿಜವಾದ ಉಪಕಾರ.

ತಪ್ಪಿನ ಪ್ರಶ್ನೆ ಹಗುರವಾದಂತೆ ನಷ್ಟದ ಅಳತೆ ಮುಂದೆ ಬಂತು. ಒಂದೇ ಬಗೆಯ ಗಾಯಕ್ಕೆ ಒಂದೊಂದು ನ್ಯಾಯಾಧಿಕರಣ ಒಂದೊಂದು ಮೊತ್ತ ಕೊಡುತ್ತಿದ್ದಾಗ, ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು 2009ರ ಸರಳಾ ವರ್ಮಾ ತೀರ್ಪಿನಲ್ಲಿ ವಯಸ್ಸಿಗೆ ತಕ್ಕ ಗುಣಕಗಳ ಪಟ್ಟಿಯನ್ನು ನಿಗದಿಪಡಿಸಿದರು. ಗುಣಕವೆಂದರೆ ವಾರ್ಷಿಕ ನಷ್ಟವನ್ನು ಎಷ್ಟರಿಂದ ಗುಣಿಸಬೇಕೆಂಬ ಸಂಖ್ಯೆ. ಅದು ಇಪ್ಪತ್ತೈದರೊಳಗಿನ ತರುಣರಿಗೆ 18 ಇದ್ದು, ವಯಸ್ಸು ಏರಿದಂತೆ ಇಳಿಯುತ್ತದೆ. ಉದಾಹರಣೆಗೆ, ತಿಂಗಳಿಗೆ 10,000 ರೂಪಾಯಿ ದುಡಿಯುವ 38 ವರ್ಷದ ವ್ಯಕ್ತಿಯ ಗಳಿಕೆಯ ಶಕ್ತಿ ಶೇಕಡ 40ರಷ್ಟು ಕುಂದಿದರೆ, ವಾರ್ಷಿಕ ನಷ್ಟವಾದ 48,000 ರೂಪಾಯಿಯನ್ನು 15ರಿಂದ ಗುಣಿಸಿ 7,20,000 ರೂಪಾಯಿಯನ್ನು ಆ ಬಾಬತ್ತಿಗೆ ಲೆಕ್ಕ ಹಾಕಲಾಗುತ್ತದೆ. ಚಿಕಿತ್ಸೆಯ ವೆಚ್ಚ, ನೋವು, ಬದುಕಿನ ಸೌಖ್ಯದ ನಷ್ಟ ಇವು ಬೇರೆ. ಅದೇ ನ್ಯಾಯಮೂರ್ತಿಗಳು 2010ರಲ್ಲಿ ವೈದ್ಯರು ಬರೆದುಕೊಡುವ ಅಂಗವೈಕಲ್ಯದ ಪ್ರಮಾಣಕ್ಕೂ ದುಡಿಮೆಗಾಗುವ ನಷ್ಟಕ್ಕೂ ವ್ಯತ್ಯಾಸವಿದೆಯೆಂದು ವಿವರಿಸಿದರು: ಕೈ ಕಳೆದುಕೊಂಡ ಬಡಗಿಯ ದುಡಿಮೆ ಪೂರ್ತಿ ನಿಲ್ಲಬಹುದು, ಗುಮಾಸ್ತನ ಕೆಲಸ ಮುಂದುವರಿಯಬಹುದು. ಕಾಲು ಕಳೆದುಕೊಂಡ ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬರ ದುಡಿಮೆಯ ನಷ್ಟವನ್ನು 2014ರಲ್ಲಿ ಸುಪ್ರೀಂ ಕೋರ್ಟು ಶೇಕಡ 85 ಎಂದು ಎಣಿಸಿದ್ದು ಈ ವಿವೇಕದ ಫಲ.

ಇಷ್ಟಾದರೂ ತೀರ್ಪು ಹಣವಾಗಿ ಕೈಸೇರುವ ಘಟ್ಟ ಸುಗಮವಾಗಿಲ್ಲ. ವಿಮೆಯಿದ್ದ ಬಸ್ಸಿನ ಪ್ರಕರಣದಲ್ಲಿ ಕಂಪನಿ ಹಣ ಕಟ್ಟುತ್ತದೆ. ಸ್ವಂತ ನಿಧಿಯನ್ನೇ ನಂಬಿದ ಸಾರಿಗೆ ಸಂಸ್ಥೆ ನಷ್ಟದಲ್ಲಿದ್ದಾಗ ಆ ಹಣ ತಡವಾಗುತ್ತದೆ. ಆಗ ಗಾಯಾಳು ಅಮಲ್ಜಾರಿ ಅರ್ಜಿಯನ್ನು, ಅಂದರೆ ತೀರ್ಪನ್ನು ಜಾರಿಗೊಳಿಸಿ ಹಣ ಕೊಡಿಸಬೇಕೆಂಬ ಅರ್ಜಿಯನ್ನು, ಮತ್ತೆ ಹಾಕಬೇಕಾಗುತ್ತದೆ. ಕನ್ನಡ ಪತ್ರಿಕೆಗಳ ಓದುಗರಿಗೆ ಇದರ ಮುಂದಿನ ಹಂತ ಚಿರಪರಿಚಿತ: ನ್ಯಾಯಾಲಯದ ಅಮೀನರು ವಾರಂಟು ಹಿಡಿದು ಬಸ್ ನಿಲ್ದಾಣಕ್ಕೆ ಬಂದು, ಪ್ರಯಾಣಿಕರನ್ನು ಇಳಿಸಿ, ಬಸ್ಸನ್ನು ಜಪ್ತಿ ಮಾಡಿ ನ್ಯಾಯಾಲಯದ ಆವರಣದಲ್ಲಿ ನಿಲ್ಲಿಸುತ್ತಾರೆ, ಸಂಸ್ಥೆ ಹಣ ಕಟ್ಟಿದ ಮೇಲೆ ಬಸ್ಸು ಮತ್ತೆ ರಸ್ತೆಗಿಳಿಯುತ್ತದೆ. ಸಾರ್ವಜನಿಕ ಸಂಸ್ಥೆಯೊಂದು ತನ್ನ ಪ್ರಯಾಣಿಕನಿಗೆ ಸಲ್ಲಬೇಕಾದುದನ್ನು ಜಪ್ತಿಯಾದ ಮೇಲೆಯೇ ಕೊಡುವ ಈ ರೂಢಿಯಿಂದ ಕಾನೂನು ಗೆದ್ದಂತೆ ಕಂಡರೂ ಗಾಯಾಳು ಎರಡು ಸಲ ವ್ಯಾಜ್ಯ ಹೂಡಿದಂತಾಗುತ್ತದೆ. 2024ರ ಜನವರಿಯಿಂದ ಮೃತ ಪ್ರಯಾಣಿಕರ ಕುಟುಂಬಕ್ಕೆ ನಿಗಮವು ತನ್ನ ಅಪಘಾತ ಪರಿಹಾರ ನಿಧಿಯಿಂದ 10 ಲಕ್ಷ ರೂಪಾಯಿ ಕೊಡುವ ಏರ್ಪಾಡು ಸ್ವಾಗತಾರ್ಹ. ಟಿಕೆಟ್ಟಿನೊಂದಿಗೆ ಸಂಗ್ರಹಿಸುವ ಸಣ್ಣ ವಂತಿಗೆಯಿಂದಲೇ ಆ ನಿಧಿ ಬೆಳೆಯುವುದರಿಂದ ಅದನ್ನು ಸಂಸ್ಥೆಯ ಔದಾರ್ಯವೆನ್ನುವುದಕ್ಕಿಂತ ಪ್ರಯಾಣಿಕರ ಪರಸ್ಪರ ನೆರವೆನ್ನುವುದೇ ಸರಿ.

2019ರ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಈ ಕಥೆಗೆ ಎರಡು ಮುಖಗಳನ್ನು ಕೊಟ್ಟಿದೆ. ತಪ್ಪನ್ನು ವಿಚಾರಿಸದೆ ಕೊಡುವ ಪರಿಹಾರ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿಗೆ ಏರಿದ್ದು ಒಳ್ಳೆಯದೇ. ಆದರೆ 1994ರಲ್ಲಿ ತೆಗೆದುಹಾಕಿದ್ದ ಆರು ತಿಂಗಳ ಗಡುವು ಅದರೊಂದಿಗೇ ಮರಳಿ ಬಂದಿದೆ. ಅರುವತ್ತು ದಿನ ಸಾಲದೆಂದು 1969ರಲ್ಲಿಯೂ, ಆರು ತಿಂಗಳೂ ಸಾಲದೆಂದು 1994ರಲ್ಲಿಯೂ ಸಂಸತ್ತೇ ಒಪ್ಪಿಕೊಂಡದ್ದಕ್ಕೆ ಇದ್ದ ಕಾರಣಗಳು ಇಂದಿಗೂ ಬದಲಾಗಿಲ್ಲ. ಶಸ್ತ್ರಚಿಕಿತ್ಸೆ ಮುಗಿಯದ, ಅಂಗವೈಕಲ್ಯ ಎಷ್ಟೆಂದು ಇನ್ನೂ ನಿರ್ಧಾರವಾಗದ, ವಕೀಲರನ್ನು ಕಾಣಲು ಊರಿಂದ ಬರಲಾರದ ಗಾಯಾಳುವಿಗೆ ಹಕ್ಕು ನಿಜವಾಗಬೇಕಾದರೆ ಗಡುವು ಹೋಗಬೇಕು, ನಿಧಿಯಲ್ಲಿ ಹಣವಿರಬೇಕು, ತೀರ್ಪಿನ ಮೊತ್ತ ಅಮೀನರ ವಾರಂಟಿಗೆ ಕಾಯದೆ ಸಂದಾಯವಾಗಬೇಕು. ಎರಡು ಶತಮಾನಗಳಲ್ಲಿ ಅಷ್ಟೊಂದು ಹೊರೆಗಳನ್ನು ಇಳಿಸಿದ ಕಾನೂನಿಗೆ ಈ ಮೂರನ್ನು ಸಾಧಿಸುವುದು ಅಸಾಧ್ಯವೇನಲ್ಲ.