ಕವಲೊಡೆದ ಎಂಜಿನ್: ಕ್ಲೌಡ್ ಕ್ಯಾಶ್ ಸೇವೆಗಳಲ್ಲಿ ಆವೃತ್ತಿಯ ಆಯ್ಕೆ

ಕ್ಲೌಡ್ ಕಂಪನಿಗಳು ನಡೆಸಿಕೊಡುವ ಇನ್-ಮೆಮೊರಿ ಕ್ಯಾಶ್ ಸೇವೆಗಳಲ್ಲಿ ಎಂಜಿನ್ನಿನ ಆವೃತ್ತಿ ಆರಿಸುವುದು 2024ರ ಮಾರ್ಚ್‌ವರೆಗೆ ಅಷ್ಟೇನೂ ತೊಡಕಿನ ಕೆಲಸವಾಗಿರಲಿಲ್ಲ. ದೊಡ್ಡ ಸಂಖ್ಯೆಯದು ಹೊಸದು, ಹಳೆಯದರಲ್ಲಿ ಇದ್ದುದೆಲ್ಲ ಅದರಲ್ಲೂ ಇರುತ್ತದೆ ಎಂಬ ನಂಬಿಕೆ ಬಹುಮಟ್ಟಿಗೆ ಸರಿಯಾಗಿತ್ತು. ಆ ತಿಂಗಳ 20ರಂದು, ಇಂಥ ಸೇವೆಗಳಲ್ಲಿ ಬಳಕೆಯಲ್ಲಿದ್ದ ರೆಡಿಸ್ ಎಂಜಿನ್ನಿನ ಒಡೆತನದ ರೆಡಿಸ್ ಕಂಪನಿಯು, 7.4ರಿಂದ ಮುಂದಿನ ಆವೃತ್ತಿಗಳಿಗೆ ಬಿಎಸ್‌ಡಿ ಎಂಬ ಓಪನ್ ಸೋರ್ಸ್ ಪರವಾನಗಿ ಇರುವುದಿಲ್ಲವೆಂದು ಸಾರಿತು. ಎಂಟೇ ದಿನಗಳಲ್ಲಿ ಲಿನಕ್ಸ್ ಫೌಂಡೇಶನ್, ಅಮೆಜಾನ್, ಗೂಗಲ್, ಒರಾಕಲ್ ಮುಂತಾದವರ ಬೆಂಬಲದೊಂದಿಗೆ, ರೆಡಿಸ್ 7.2.4ರಿಂದ ಕವಲೊಡೆದ ವಾಲ್ಕೀ ಯೋಜನೆಯನ್ನು ಪ್ರಕಟಿಸಿತು. ಅಲ್ಲಿಂದೀಚೆಗೆ ಆವೃತ್ತಿಯ ಸಂಖ್ಯೆ ಒಂದೇ ವಂಶದ ಏರಿಕೆಯನ್ನು ಹೇಳುತ್ತಿಲ್ಲ. ಇಂಥಲ್ಲಿ ಎಂಜಿನ್ನಿನ ವೇಗವನ್ನು ಮೊದಲು ನೋಡಬಾರದು. ಒಮ್ಮೆ ಇಟ್ಟರೆ ಹಿಂದೆಗೆಯಲಾಗದ ಹೆಜ್ಜೆ ಯಾವುದು ಎಂಬುದನ್ನು ಮೊದಲು ನೋಡಬೇಕು ಎಂಬುದು ಈ ಲೇಖನದ ವಾದ.

ಸಂಖ್ಯೆಯೂ ಪೂರ್ತಿ ನಂಬುವಂಥದ್ದಲ್ಲ. ಅಮೆಜಾನ್‌ನ ಕ್ಯಾಶ್ ಸೇವೆಯಾದ ಎಲಾಸ್ಟಿಕ್ಯಾಶ್ 2023ರ ಕೊನೆಯಲ್ಲಿ ರೆಡಿಸ್ 7.1 ಎಂಬ ಆವೃತ್ತಿಯನ್ನು ಕೊಟ್ಟಿತು. ಮೂಲ ರೆಡಿಸ್ ಮಾತ್ರ 7.0ರಿಂದ ನೇರವಾಗಿ 7.2ಕ್ಕೆ ಹೋಗಿದೆ. ಎಲಾಸ್ಟಿಕ್ಯಾಶ್‌ನ 7.1 ಅಮೆಜಾನ್ ತನ್ನದೇ ವೇಗವರ್ಧನೆಯನ್ನು ಸೇರಿಸಿ ಕೊಟ್ಟ ಎಂಜಿನ್. ಹಾಗಾಗಿ ಮೂಲ ಯೋಜನೆಯ ದಾಖಲೆಯ ಜೊತೆಗೆ ಸೇವೆಯವರ ದಾಖಲೆಯನ್ನೂ ಓದದೆ ಗತ್ಯಂತರವಿಲ್ಲ.

ಹಿಂದೆಗೆಯಲಾಗದ ಹೆಜ್ಜೆಗಳಲ್ಲಿ ಮೊದಲನೆಯದು ದತ್ತಾಂಶದ ರೂಪ. ರೆಡಿಸ್ ತನ್ನ ಮೆಮೊರಿಯ ಸ್ನ್ಯಾಪ್‌ಶಾಟ್ ಅನ್ನು ಆರ್‌ಡಿಬಿ ಕಡತವಾಗಿ ಬರೆಯುತ್ತದೆ. ಆ ಕಡತಕ್ಕೂ ತನ್ನದೇ ಆವೃತ್ತಿ ಸಂಖ್ಯೆಯಿದೆ. ರೆಡಿಸ್ 7.0ರಲ್ಲಿ ಅದು 10, 7.2ರಲ್ಲಿ 11, 7.4ರಲ್ಲಿ 12. ಹಳೆಯ ಕಡತವನ್ನು ಹೊಸ ಎಂಜಿನ್ ಓದುತ್ತದೆ, ಹೊಸ ಕಡತವನ್ನು ಹಳೆಯ ಎಂಜಿನ್ ಓದಲು ಒಪ್ಪುವುದಿಲ್ಲ. ವಾಲ್ಕೀ 8.0 ಸಂಖ್ಯೆಯಲ್ಲಿ 7.4ಕ್ಕಿಂತ ದೊಡ್ಡದಾದರೂ ಅದರ ಕಡತದ ಸಂಖ್ಯೆ 11ರಲ್ಲೇ ಉಳಿದಿದೆ. ರೆಡಿಸ್ 7.2ರವರೆಗೆ ಇದ್ದವರಿಗೆ ವಾಲ್ಕೀ ಕಡೆಗೆ ದಾರಿ ತೆರೆದಿದೆ; 7.4ಕ್ಕೆ ಏರಿದವರ ಸ್ನ್ಯಾಪ್‌ಶಾಟ್ ಅಲ್ಲಿ ಸಲ್ಲದು. ಆಜ್ಞೆಗಳ ಮಟ್ಟದಲ್ಲೂ ಇದೇ ಕಥೆ. ಹ್ಯಾಶ್‌ನ ಒಂದೊಂದು ಕ್ಷೇತ್ರಕ್ಕೂ ಬೇರೆಬೇರೆ ಅವಧಿ ಕೊಡುವ ಸೌಲಭ್ಯ ರೆಡಿಸ್‌ಗೆ 7.4ರಲ್ಲಿ, ಅಂದರೆ 2024ರಲ್ಲಿ ಬಂತು. ವಾಲ್ಕೀಗೆ ಬಂದದ್ದು 2025ರ ಅಕ್ಟೋಬರಿನ 9.0ರಲ್ಲಿ. ನಡುವಿನ ಅವಧಿಯಲ್ಲಿ ಆ ಸೌಲಭ್ಯವನ್ನು ನೆಚ್ಚಿ ಕೋಡ್ ಬರೆದವರು ತಿಳಿದೋ ತಿಳಿಯದೆಯೋ ಒಂದು ಕವಲಿಗೆ ಕಟ್ಟುಬಿದ್ದರು.

ಕ್ಯಾಶ್‌ನಲ್ಲಿರುವುದು ಹೇಗೂ ಮರಳಿ ಸಿಗುವ ದತ್ತಾಂಶ, ಕಳೆದರೇನು ಎಂಬ ವಾದವುಂಟು. ಈ ವಾದವನ್ನು ನಾನು ಒಪ್ಪಲಾರೆ. ಬಳಕೆದಾರರ ಸೆಷನ್, ಕೆಲಸಗಳ ಸರದಿ, ಆಟದ ಅಂಕಪಟ್ಟಿ ಇವೆಲ್ಲ ಇಂದು ಕ್ಯಾಶ್‌ನಲ್ಲೇ ನೆಲೆಸಿರುವುದು ಸಾಮಾನ್ಯ. ಬರೀ ಪ್ರತಿಗಳೇ ಇದ್ದಾಗಲೂ ಖಾಲಿ ಕ್ಯಾಶ್‌ನಿಂದ ಶುರುಮಾಡಿದರೆ ಎಲ್ಲ ಓದುಗಳೂ ಒಟ್ಟಿಗೆ ಮುಖ್ಯ ಡೇಟಾಬೇಸಿನ ಮೇಲೆ ಬೀಳುತ್ತವೆ.

ಒಂದೇ ವಂಶದೊಳಗಿನ ಏರಿಕೆಯೂ ನಿರಪಾಯವಲ್ಲ. ರೆಡಿಸ್ 7.0ಕ್ಕೆ ಮೊದಲು ಸರ್ವರಿಗೆ ಹಾಕಿಟ್ಟ ಲುವಾ ಸ್ಕ್ರಿಪ್ಟುಗಳು ರೆಪ್ಲಿಕಾಗಳಿಗೂ ತಲುಪುತ್ತಿದ್ದವು. 7.0ರಿಂದ ಅವು ತಲುಪುವುದಿಲ್ಲ. ಸ್ಕ್ರಿಪ್ಟಿನ ಹ್ಯಾಶ್ ಗುರುತನ್ನಷ್ಟೇ ಕಳಿಸಿ, ಅದು ಸಿಗದಿದ್ದರೆ ಏನು ಮಾಡಬೇಕೆಂದು ಹೇಳದ ಪ್ರೋಗ್ರಾಂ ತಿಂಗಳುಗಟ್ಟಲೆ ಸರಿಯಾಗಿಯೇ ನಡೆದು, ಪ್ರೈಮರಿ ನೋಡ್ ಬಿದ್ದು ರೆಪ್ಲಿಕಾ ಅದರ ಜಾಗಕ್ಕೆ ಬಂದ ಹೊತ್ತಿನಲ್ಲಿ ಕೈಕೊಡುತ್ತದೆ. ಸಾಧಾರಣ ಪರೀಕ್ಷೆಯಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಬೆಲೆಯ ಲೆಕ್ಕ ವಾಲ್ಕೀ ಪರವಾಗಿದೆ. 2024ರ ಅಕ್ಟೋಬರಿನಲ್ಲಿ ಎಲಾಸ್ಟಿಕ್ಯಾಶ್ ಅದನ್ನು ರೆಡಿಸ್‌ಗಿಂತ ನೋಡ್ ಲೆಕ್ಕದಲ್ಲಿ ಶೇ. 20, ಸರ್ವರ್‌ಲೆಸ್ ಲೆಕ್ಕದಲ್ಲಿ ಶೇ. 33 ಕಡಿಮೆ ದರಕ್ಕೆ ಕೊಟ್ಟಿತು. ವಾಲ್ಕೀ 8.0ರ ಸಾಲಿನಲ್ಲಿ ಸೆಕೆಂಡಿಗೆ ಹತ್ತು ಲಕ್ಷ ದಾಟುವ ಕೋರಿಕೆಗಳ ಮಾತು ಹೆಚ್ಚು ಸುದ್ದಿಯಾಯಿತು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಬೆಲೆಯುಳ್ಳದ್ದು 8.1ರ ಹೊಸ ಹ್ಯಾಶ್ ಕೋಷ್ಟಕ: ಒಂದು ಕೀಲಿಗೆ ಸುಮಾರು 20 ಬೈಟ್, ಅವಧಿ ಗೊತ್ತುಮಾಡಿದ ಕೀಲಿಗೆ 30 ಬೈಟ್‌ವರೆಗೂ ಉಳಿತಾಯ. ಚಿಕ್ಕ ಮೌಲ್ಯಗಳು ಕೋಟಿಗಟ್ಟಲೆ ಇರುವ ಕಡೆ ಇದು ನೋಡ್ ಗಾತ್ರವನ್ನೇ ಇಳಿಸಬಲ್ಲದು. ಕ್ಯಾಶ್‌ನಲ್ಲಿ ಹಣ ಹೋಗುವುದು ಮುಖ್ಯವಾಗಿ ಮೆಮೊರಿಗೆ.

ಆಯ್ಕೆಯನ್ನು ಮುಂದೂಡುವುದೂ ಬಿಟ್ಟಿಯಲ್ಲ. ಎಲಾಸ್ಟಿಕ್ಯಾಶ್‌ನಲ್ಲಿ ರೆಡಿಸ್ 4 ಮತ್ತು 5ಕ್ಕೆ ಸಾಮಾನ್ಯ ಬೆಂಬಲದ ಕೊನೆಯ ದಿನ 2026ರ ಜನವರಿ 31. ಆಮೇಲೂ ಅವುಗಳಲ್ಲೇ ಇರಬೇಕೆಂದರೆ ಹೆಚ್ಚುವರಿ ಶುಲ್ಕ ತೆರಬೇಕು. ಹಾಗೆಂದು ವಾಲ್ಕೀಯೊಂದೇ ದಾರಿಯಲ್ಲ. ರೆಡಿಸ್ ಕಂಪನಿಯು 2025ರ ಮೇ ತಿಂಗಳಲ್ಲಿ 8.0ಕ್ಕೆ ಎಜಿಪಿಎಲ್ ಪರವಾನಗಿಯ ಆಯ್ಕೆಯನ್ನು ಸೇರಿಸಿ ಓಪನ್ ಸೋರ್ಸ್‌ಗೆ ಮರಳಿತು; ಜೆಸನ್, ಹುಡುಕಾಟ, ವೆಕ್ಟರ್ ಸೆಟ್‌ಗಳು ಅದರ ಮೂಲ ಎಂಜಿನ್ನಿನಲ್ಲೇ ಬಂದಿವೆ. ಅವು ನಿಜವಾಗಿ ಬೇಕಾದವರು ರೆಡಿಸ್ 8ರ ಕಡೆ ಹೋಗುವುದು ನ್ಯಾಯ. ಕೀಲಿ-ಮೌಲ್ಯ, ಹ್ಯಾಶ್, ಸರದಿಗಳಲ್ಲೇ ಕೆಲಸ ಮುಗಿಯುವವರು 7.2ರ ಆಜ್ಞೆಗಳ ಎಲ್ಲೆಯೊಳಗೆ ಉಳಿದು ವಾಲ್ಕೀ ಹಿಡಿಯುವುದೇ ಸದ್ಯಕ್ಕೆ ಉತ್ತಮವೆಂದು ನನಗೆ ತೋರುತ್ತದೆ. ಯಾವ ಕಡೆಗೆ ಹೋದರೂ, ಚಾಲ್ತಿಯ ಸ್ನ್ಯಾಪ್‌ಶಾಟ್ ಅನ್ನು ಹೊಸ ಎಂಜಿನ್ನಿನ ಪ್ರತ್ಯೇಕ ಕ್ಲಸ್ಟರಿನಲ್ಲಿ ಮರುಸ್ಥಾಪಿಸಿ, ಬೇಕೆಂದೇ ಪ್ರೈಮರಿಯನ್ನು ಬೀಳಿಸಿ, ಅಪ್ಲಿಕೇಶನ್ ತಾನಾಗಿ ಚೇತರಿಸಿಕೊಂಡಿತೇ ಎಂದು ನೋಡಿದ ಮೇಲೆಯೇ ನಿಜವಾದ ಬಳಕೆದಾರರನ್ನು ಅತ್ತ ತಿರುಗಿಸಬೇಕು.