ಹೆಸರು ನುಂಗಿದ ಖಾಲಿ ಜಾಗ

ನಮ್ಮೂರು ಸೋಸಲೆ. ತಿರುಮಕೂಡಲು ನರಸೀಪುರಕ್ಕೆ ಹತ್ತಿರ, ಕಾವೇರಿಯ ದಡ. ವ್ಯಾಸರಾಜ ಮಠದಿಂದಾಗಿ ಊರಿನ ಹೆಸರು ಹೊರಗಿನವರಿಗೂ ಗೊತ್ತು. ಊರಿನ ಹೆಂಗಸರ ಹೆಸರು ಮಾತ್ರ ಕಾಗದಪತ್ರಗಳಲ್ಲಿ ಒಂಟಿಯಾಗಿ ಕಾಣುವುದು ಅಪರೂಪ. ಗಂಡಸಾದರೆ ಇಂಥವನು 'ಬಿನ್' ಇಂಥವನು, ಹೆಂಗಸಾದರೆ ಇಂಥವಳು 'ಕೋಂ' ಇಂಥವನು. ಇಂಥವನ ಮಗ, ಇಂಥವನ ಹೆಂಡತಿ ಎಂದು ಅರ್ಥ.

ಕೈಬರಹದ ಪುಸ್ತಕದಲ್ಲಿ ಗಂಡನ ಹೆಸರಿನ ಜಾಗ ಖಾಲಿ ಬಿಟ್ಟರೂ ಹೆಂಗಸಿನ ಹೆಸರು ಹಾಗೇ ಇರುತ್ತದೆ. ಕಂಪ್ಯೂಟರಿನಲ್ಲಿ ಹಾಗಲ್ಲ ಎಂಬುದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ.

ವಂಶಪಾರಂಪರ್ಯವಾದ ಶಾನುಭೋಗಿಕೆ 1961ರ ಕಾಯ್ದೆಯಿಂದ ಹೋಯಿತು. 2002ರ ಹೊತ್ತಿಗೆ 'ಭೂಮಿ' ಯೋಜನೆ ಬಂದು, ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಆ ದಿನಗಳಲ್ಲೇ ನಾನೂ ಮೈಸೂರಿನಲ್ಲಿ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿದ್ದು.

ಈ ವಿದ್ಯೆಗೂ ಒಂದು ಇತಿಹಾಸವಿದೆ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಎಂಬಾತ, ಮಾಹಿತಿಯನ್ನೆಲ್ಲ ಸಾಲು-ಕಂಬಗಳ ಕೋಷ್ಟಕಗಳಲ್ಲಿ ಇಡಬಹುದೆಂದು ತೋರಿಸಿದ. 1974ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಆ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯೊಂದನ್ನು ರೂಪಿಸಿದರು. ಅದೇ ಮುಂದೆ ಎಸ್‌ಕ್ಯೂಎಲ್ ಆಯಿತು. ಇತ್ತ ಪ್ರೋಗ್ರಾಂ ಬರೆಯುವವರು 1967ರ ನಾರ್ವೆಯ ಸಿಮ್ಯುಲಾ ಭಾಷೆಯ ಜಾಡು ಹಿಡಿದು, ಮಾಹಿತಿಯನ್ನು 'ಆಬ್ಜೆಕ್ಟ್' ಎಂಬ ಗಂಟುಗಳಾಗಿ ಕಟ್ಟತೊಡಗಿದ್ದರು. ಕೋಷ್ಟಕದ ಸಾಲನ್ನು ಗಂಟಾಗಿ ಕಟ್ಟುವ ಕೆಲಸಕ್ಕೆ ಮ್ಯಾಪಿಂಗ್ ಎನ್ನುತ್ತಾರೆ. ಒಮ್ಮೆ ಬರೆದ ಮ್ಯಾಪಿಂಗನ್ನು ಎಲ್ಲ ಕಡೆಯೂ ಬಳಸಬೇಕೆಂಬುದು ನಮ್ಮೆಲ್ಲರ ಆಸೆ. ಒಮ್ಮೆ ರುಬ್ಬಿದ ಹಿಟ್ಟಿನಲ್ಲಿ ಇವತ್ತು ಇಡ್ಲಿ, ನಾಳೆ ದೋಸೆ!

2009ರಲ್ಲಿ ಒಂದು ಸಂಘದ ಸದಸ್ಯರ ಪಟ್ಟಿ ನನ್ನ ಕೈಗೆ ಬಂತು. ಹೆಸರು, 'ಕೋಂ', ಗಂಡನ ಹೆಸರು, ಈ ಮೂರನ್ನೂ ಜೋಡಿಸುವ ಮ್ಯಾಪಿಂಗ್ ಬರೆದೆ. ಒಬ್ಬೊಬ್ಬರ ವಿವರ ತೋರಿಸುವಾಗ ಸರಿಯಾಗಿತ್ತು. ಇಡೀ ಪಟ್ಟಿ ತೆಗೆಯುವ ಪ್ರಶ್ನೆಯೊಳಗೆ ಅದನ್ನೇ ಇಟ್ಟಾಗ ಪ್ರೋಗ್ರಾಂ ಮುಷ್ಕರ ಹೂಡಿತು. ನಾನು ಬರೆದ ಜೋಡಣೆ ಪ್ರೋಗ್ರಾಮಿಗೆ ಅರ್ಥವಾಗುತ್ತಿತ್ತು, ಡೇಟಾಬೇಸಿಗೆ ಆಗುತ್ತಿರಲಿಲ್ಲ. ಅವಸರದಲ್ಲಿ ಅದೇ ಸೂತ್ರವನ್ನು ಡೇಟಾಬೇಸಿನ ಭಾಷೆಯಲ್ಲಿ ಇನ್ನೊಮ್ಮೆ ಬರೆದು ಕೈತೊಳೆದುಕೊಂಡೆ. ದೋಷದ ಸೂಚನೆ ಒಂದೂ ಬರಲಿಲ್ಲ.

ವಾರದ ನಂತರ ಊರಿನಿಂದ ಚಿಕ್ಕಮ್ಮನ ಫೋನು. ಗಂಡ ಬಿಟ್ಟುಹೋದ ಮೇಲೆ ಅವನ ಹೆಸರು ಬರೆಸಲು ಒಪ್ಪದವಳು ಅವಳು. "ಏನ್ ಮಗಾ, ಪಟ್ಟೀಲಿ ನನ್ ಹೆಸ್ರೇ ಇಲ್ವಂತೆ! ಗಂಡ ಬುಟ್ಟೋದ್ರೆ ಹೆಸ್ರೂ ಬುಟ್ಟೋಯ್ತದಾ?"

ತೆಗೆದು ನೋಡಿದೆ. ಅವಳ ಸಾಲು ಇತ್ತು, ಹೆಸರಿನ ಜಾಗ ಖಾಲಿ. ಅವಳಂಥ ಇನ್ನೂ ಕೆಲವರದ್ದೂ ಹಾಗೇ. ನನ್ನ ಪ್ರೋಗ್ರಾಮಿನಲ್ಲಿ ಖಾಲಿ ಜಾಗವೆಂದರೆ 'ಏನೂ ಇಲ್ಲ', ಉಳಿದದ್ದನ್ನು ಜೋಡಿಸು ಎಂದು. ಎಸ್‌ಕ್ಯೂಎಲ್‌ನಲ್ಲಿ ಖಾಲಿಯೆಂದರೆ 'ಗೊತ್ತಿಲ್ಲ'. ಗೊತ್ತಿಲ್ಲದ್ದನ್ನು ಯಾವುದಕ್ಕೆ ಕೂಡಿಸಿದರೂ ಇಡೀ ಮೊತ್ತವೇ 'ಗೊತ್ತಿಲ್ಲ'! ಗಂಡನ ಖಾಲಿ ಜಾಗ ಹೆಂಡತಿಯ ಹೆಸರನ್ನೂ ನುಂಗಿತ್ತು.

ಆ ರಾತ್ರಿಯೇ ಕುಳಿತು ಸರಿಪಡಿಸಿದೆ. 2007ರಲ್ಲಿ ಬಂದಿದ್ದ ಲಿಂಕ್ ಎಂಬ ವಿಧಾನದಲ್ಲಿ ಮ್ಯಾಪಿಂಗನ್ನು 'ಎಕ್ಸ್‌ಪ್ರೆಷನ್' ಆಗಿ ಬರೆಯಬಹುದು. ಹಾಗೆ ಬರೆದರೆ ಅದನ್ನು ಎಸ್‌ಕ್ಯೂಎಲ್‌ಗೆ ತರ್ಜುಮೆ ಮಾಡಲು ಬರುತ್ತದೆ. ಹಾಗೇ ಒಂದೇ ಕಡೆ ಬರೆದು, ಗಂಡನ ಹೆಸರಿಲ್ಲದಿದ್ದರೆ 'ಕೋಂ' ಕೂಡ ಬೇಡವೆಂದು ಬಾಯಿಬಿಟ್ಟು ಹೇಳಿದೆ. ಎಲ್ಲ ಪಟ್ಟಿಗಳೂ ಅದನ್ನೇ ಬಳಸುವಂತೆ ಮಾಡಿ, ಎರಡನೆಯ ಪ್ರತಿಯನ್ನು ಅಳಿಸಿದೆ. ತರ್ಜುಮೆಯಲ್ಲೂ ಅರ್ಥ ಕೆಡಬಹುದಲ್ಲ? ಅದಕ್ಕೇ ನಿಜವಾದ ಡೇಟಾಬೇಸಿನ ಮೇಲೆ, ಖಾಲಿ ಜಾಗವಿರುವ ಸಾಲುಗಳನ್ನೇ ಮೊದಲು ಹಾಕಿ ಪರೀಕ್ಷಿಸಿದೆ. ಇವತ್ತಿಗೂ ಅದೇ ರೂಢಿ.

ಮುಂದಿನ ಸಲ ಊರಿಗೆ ಹೋದಾಗ ಹೊಸ ಪಟ್ಟಿ ಒಯ್ದೆ. ಚಿಕ್ಕಮ್ಮನಿಗೆ ಓದು ಬಾರದು. ಅವಳ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. "ಇಷ್ಟೇನಾ?" ಎಂದಳು.

"ಇಷ್ಟೇ ಚಿಕ್ಕಮ್ಮ, ನಿನ್ನ ಹೆಸರೊಂದೇ."

"ಸಾಕು ಬುಡು," ಎಂದು ಕಾಗದ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.