ಪಡಸಾಲೆಯ ನಗು: ಕನ್ನಡದ ಹಾಸ್ಯ ಧಾರಾವಾಹಿ ನಡೆದು ಬಂದ ದಾರಿ

ನಮ್ಮ ಮಹಿಳಾ ವೇದಿಕೆಯಲ್ಲಿ ಯಾರಾದರೂ ಮೈಕ್ ಹಿಡಿದು ಸ್ವಲ್ಪ ಜಾಸ್ತಿ ಮಾತಾಡಿದರೆ, ಹಿಂದಿನ ಸಾಲಿನಿಂದ ‘ಸಮಾಜ ಸೇವಕಿ ಲಲಿತಾಂಬ’ ಎಂಬ ಪಿಸುಮಾತು ಕೇಳಿಬರುತ್ತದೆ, ಸುತ್ತಮುತ್ತ ನಗು ಹಬ್ಬುತ್ತದೆ. ‘ಸಿಲ್ಲಿ ಲಲ್ಲಿ’ ಮೊದಲ ಸಲ ಪ್ರಸಾರವಾಗಿ ಎರಡು ದಶಕಗಳೇ ಕಳೆದರೂ ಆ ಹೆಸರು ನಮ್ಮ ನಾಲಿಗೆಯ ಮೇಲೇ ಇದೆ. ಒಂದು ಟಿವಿ ಪಾತ್ರ ಗಾದೆಮಾತಿನ ಹಾಗೆ ಬಳಕೆಗೆ ಬಂತೆಂದರೆ ಅದರ ಹಿಂದೆ ಒಂದು ಚರಿತ್ರೆ ಇರಲೇಬೇಕು. ಅದನ್ನು ಹೇಳುವ ಸಣ್ಣ ಪ್ರಯತ್ನ ಈ ಬರಹ.

ಇಂಗ್ಲಿಷಿನಲ್ಲಿ ಸಿಟ್‌ಕಾಮ್ ಎನ್ನುವುದನ್ನು ನಾವು ಹಾಸ್ಯ ಧಾರಾವಾಹಿ ಅಥವಾ ಕಾಮಿಡಿ ಸೀರಿಯಲ್ ಎನ್ನುತ್ತೇವೆ. ಅದರ ಲಕ್ಷಣ ಸರಳ. ಒಂದು ಮನೆ ಅಥವಾ ಒಂದು ಆಫೀಸು, ಅಲ್ಲಿ ಅದೇ ನಾಲ್ಕಾರು ಜನ. ಕಂತಿಗೊಂದು ಹೊಸ ಫಜೀತಿ. ಅರ್ಧ ಗಂಟೆಯಲ್ಲಿ ಆ ಫಜೀತಿ ಬಗೆಹರಿದು, ಎಲ್ಲರೂ ಮೊದಲು ಎಲ್ಲಿದ್ದರೋ ಅಲ್ಲಿಗೇ ಬಂದು ನಿಲ್ಲುತ್ತಾರೆ. ಮೆಗಾ ಧಾರಾವಾಹಿಯಲ್ಲಿ ಸೊಸೆ ಮೂರು ವರ್ಷದ ಹಿಂದೆ ಅತ್ತದ್ದೂ ಲೆಕ್ಕಕ್ಕೆ ಬರುತ್ತದೆ. ಹಾಸ್ಯ ಧಾರಾವಾಹಿಯಲ್ಲಿ ನಿನ್ನೆಯ ಜಗಳವನ್ನು ಇವತ್ತು ಯಾರೂ ನೆನಪಿಟ್ಟುಕೊಂಡಿರುವುದಿಲ್ಲ. ರಾತ್ರಿ ತೊಳೆದಿಟ್ಟ ಪಾತ್ರೆ ಬೆಳಿಗ್ಗೆ ಮತ್ತೆ ಸಿಂಕಿಗೆ ಬೀಳುವ ಹಾಗೆ ಇಲ್ಲಿ ದಿನವೂ ಎಲ್ಲ ಮೊದಲಿನಿಂದ ಶುರು. ಈ ಪ್ರಕಾರ ಗೃಹಿಣಿಯರಿಗೆ ಇಷ್ಟು ಹತ್ತಿರವಾದದ್ದಕ್ಕೆ ಇದೂ ಒಂದು ಕಾರಣವೆಂದು ನನಗೆ ಅನಿಸುತ್ತದೆ.

ಈ ಪ್ರಕಾರಕ್ಕೆ ಗಟ್ಟಿ ರೂಪ ಸಿಕ್ಕಿದ್ದು ಒಬ್ಬ ಹೆಣ್ಣುಮಗಳಿಂದ. 1951ರ ಅಕ್ಟೋಬರ್ 15ರಂದು ಅಮೆರಿಕದಲ್ಲಿ ‘ಐ ಲವ್ ಲೂಸಿ’ ಶುರುವಾಯಿತು. ಲೂಸಿಲ್ ಬಾಲ್ ಮತ್ತು ಆಕೆಯ ಗಂಡ ಡೆಸಿ ಅರ್ನಾಜ್ ತೆರೆಯ ಮೇಲೂ ಗಂಡ ಹೆಂಡತಿಯಾಗಿಯೇ ನಟಿಸಿದರು. ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು, ಮೂರು ಕ್ಯಾಮೆರಾ ಇಟ್ಟು, ಫಿಲ್ಮಿನ ಮೇಲೆ ಚಿತ್ರೀಕರಿಸುವ ಪದ್ಧತಿ ಈ ಧಾರಾವಾಹಿಯಿಂದ ನೆಲೆಯೂರಿತು. ಫಿಲ್ಮಿನಲ್ಲಿ ಉಳಿದದ್ದರಿಂದಲೇ ಅದನ್ನು ಮತ್ತೆ ಮತ್ತೆ ಪ್ರಸಾರ ಮಾಡಲು ಸಾಧ್ಯವಾಯಿತು. ಲೂಸಿಲ್ ನಿಜ ಜೀವನದಲ್ಲಿ ಗರ್ಭಿಣಿಯಾದಾಗ ಅದನ್ನೂ ಕಥೆಯೊಳಗೆ ತಂದರು. ಆದರೆ ‘ಗರ್ಭಿಣಿ’ ಎಂಬ ಪದವನ್ನು ಮಾತ್ರ ಟಿವಿಯಲ್ಲಿ ಉಚ್ಚರಿಸುವ ಹಾಗಿರಲಿಲ್ಲ! ಇನ್ನೊಂದು ಸ್ವಾರಸ್ಯ: ಕಥೆಯಲ್ಲಿ ಲೂಸಿ ಹೇಗಾದರೂ ಮಾಡಿ ರಂಗದ ಮೇಲೆ ಹೋಗಬೇಕೆಂದು ಹವಣಿಸುವವಳು, ಗಂಡ ಬೇಡವೆನ್ನುವವನು. ನಿಜದಲ್ಲಿ ಆಕೆ 1962ರಲ್ಲಿ ಗಂಡನ ಪಾಲನ್ನು ಕೊಂಡು ಡೆಸಿಲು ಸ್ಟುಡಿಯೋಗೆ ತಾನೇ ಯಜಮಾನಿಯಾದಳು.

ನಮ್ಮ ದೇಶದಲ್ಲಿ ದೂರದರ್ಶನ 1959ರಲ್ಲೇ ಬಂದರೂ, ಮನೆಮನೆಯ ಧಾರಾವಾಹಿ ಹುಟ್ಟಿದ್ದು 1984ರಲ್ಲಿ. ಆ ವರ್ಷ ಜುಲೈನಲ್ಲಿ ‘ಹಮ್ ಲೋಗ್’ ಬಂತು, ಅದೇ ವರ್ಷ ‘ಯೇ ಜೋ ಹೈ ಜಿಂದಗಿ’ ಕೂಡ ಬಂತು. ಬರೆದವರು ಶರದ್ ಜೋಶಿ, ನಿರ್ದೇಶಕರಲ್ಲಿ ಒಬ್ಬರು ಕುಂದನ್ ಶಾ. ಗಂಡ, ಹೆಂಡತಿ, ಜೊತೆಗೆ ಕೆಲಸವಿಲ್ಲದೆ ಮನೆಯಲ್ಲೇ ಠಿಕಾಣಿ ಹೂಡಿರುವ ಹೆಂಡತಿಯ ತಮ್ಮ. ಸತೀಶ್ ಶಾ ಪ್ರತಿ ಕಂತಿನಲ್ಲೂ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಿದ್ದರು. ಮುಂದೆ 1988ರಲ್ಲಿ ಆರ್.ಕೆ. ಲಕ್ಷ್ಮಣ್ ಅವರ ಕಲ್ಪನೆಯ ‘ವಾಗ್ಲೆ ಕಿ ದುನಿಯಾ’ ಬಂತು.

ಲಕ್ಷ್ಮಣ್ ಹೆಸರು ಬಂದಾಗ ಕನ್ನಡಿಗರು ಸ್ವಲ್ಪ ಬೀಗಬಹುದು. ಮೈಸೂರಿನಲ್ಲಿ ಬೆಳೆದ ಅವರು ಡಾ. ಎಂ. ಶಿವರಾಂ ಅವರ ‘ಕೊರವಂಜಿ’ಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದರು. 1942ರಲ್ಲಿ ಹುಟ್ಟಿದ ‘ಕೊರವಂಜಿ’ ಕನ್ನಡದ ಮಧ್ಯಮವರ್ಗದ ಮನೆಯನ್ನೇ ನಗೆಯ ಅಂಗಳ ಮಾಡಿಕೊಂಡ ಪತ್ರಿಕೆ. ಹೆಂಗಸರ ಹಾಸ್ಯಸಾಹಿತ್ಯಕ್ಕೆ ದಾರಿ ಹಾಕಿಕೊಟ್ಟ ಟಿ. ಸುನಂದಮ್ಮನವರೂ ಆ ಪತ್ರಿಕೆಯ ಪುಟಗಳಲ್ಲೇ ಬೆಳಕಿಗೆ ಬಂದವರು. ಅದಕ್ಕೂ ಹಿಂದೆ ಟಿ.ಪಿ. ಕೈಲಾಸಂ ಇದ್ದರು. ಪೌರಾಣಿಕ ನಾಟಕಗಳ ಭಾರೀ ಮಾತುಗಳ ನಡುವೆ, ನಡುಮನೆಯಲ್ಲಿ ಜನ ನಿಜವಾಗಿ ಆಡುವ ಇಂಗ್ಲಿಷ್ ಬೆರೆತ ಕನ್ನಡವನ್ನು ರಂಗಕ್ಕೆ ತಂದವರು ಅವರು. ಮನೆಯೊಳಗಿನ ಜಗಳ, ಪರೀಕ್ಷೆ, ಮಾವನ ಮನೆ, ಪೊಳ್ಳು ಬಡಾಯಿ, ಇವೆಲ್ಲ ನಾಟಕಕ್ಕೆ ವಸ್ತುವಾಗಬಹುದೆಂದು ತೋರಿಸಿಕೊಟ್ಟರು. ಹಾಗಾಗಿ ಟಿವಿ ಬಂದಾಗ ಹಾಸ್ಯ ಧಾರಾವಾಹಿ ನಮಗೆ ಅಪರಿಚಿತ ಅತಿಥಿಯೇನೂ ಆಗಿರಲಿಲ್ಲ. ಅದರ ಮಾತೂ ಮನೆಯೂ ನಮ್ಮಲ್ಲಿ ಸಿದ್ಧವಾಗಿದ್ದವು.

ಕನ್ನಡದಲ್ಲಿ ಮೊದಲ ಸಂಭ್ರಮ ಬೆಂಗಳೂರು ದೂರದರ್ಶನದ್ದು. ಎಂಬತ್ತರ ದಶಕದ ‘ಸಿಹಿಕಹಿ’ ಎಷ್ಟು ಜನಪ್ರಿಯವಾಯಿತೆಂದರೆ ಅದರಲ್ಲಿ ನಟಿಸಿದ ಚಂದ್ರು ಮತ್ತು ಗೀತಾ ಇಬ್ಬರಿಗೂ ಧಾರಾವಾಹಿಯ ಹೆಸರೇ ಅಂಟಿಕೊಂಡಿತು. ಮುಂದೆ ಅವರು ನಿಜವಾಗಿಯೂ ಸತಿಪತಿಯಾದರು. ರಮೇಶ್ ಭಟ್ ಅವರ ‘ಕ್ರೇಜಿ ಕರ್ನಲ್’ ಅನ್ನು ನಮ್ಮ ವಯಸ್ಸಿನವರು ಮರೆಯುವುದಿಲ್ಲ. ‘ಗಣೇಶನ ಮದುವೆ’, ‘ಗೌರಿ ಗಣೇಶ’ ಚಿತ್ರಗಳ ನಿರ್ದೇಶಕ ಫಣಿ ರಾಮಚಂದ್ರ ಅವರು ‘ದಂಡಪಿಂಡಗಳು’ ಧಾರಾವಾಹಿಯಲ್ಲಿ ಕೆಲಸವಿಲ್ಲದ ಹುಡುಗರ ಪಾಡನ್ನು ನಗೆಗೆ ತಿರುಗಿಸಿದರು. 

ಇಲ್ಲಿಂದ ಕಥೆ ನಮ್ಮ ಹೈದರಾಬಾದಿಗೆ ಬರುತ್ತದೆ. 2000ದ ಡಿಸೆಂಬರ್ 10ರಂದು ಈಟಿವಿ ಕನ್ನಡ ಶುರುವಾಯಿತು. ಅದು ರಾಮೋಜಿ ರಾವ್ ಅವರ ಈನಾಡು ಬಳಗದ ವಾಹಿನಿ, ಮೂಲ ನೆಲೆ ಹೈದರಾಬಾದು. ಕೂಕಟ್‌ಪಲ್ಲಿಯ ಮುಂದೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 65ನ್ನೇ ಗಮನಿಸಿ. ಪಶ್ಚಿಮಕ್ಕೆ ಹೋದರೆ ಜಹೀರಾಬಾದ್ ದಾಟಿ ಬೀದರ್ ಜಿಲ್ಲೆಯ ಹುಮನಾಬಾದ್. ವಿಜಯವಾಡದ ಕಡೆಗೆ ಹೋದರೆ ಊರಿನ ಆ ತುದಿಯಲ್ಲಿ ರಾಮೋಜಿ ಫಿಲ್ಮ್ ಸಿಟಿ. ಕರ್ನಾಟಕದ ಪಡಸಾಲೆಗಳು ಬಿದ್ದು ಬಿದ್ದು ನಕ್ಕ ಧಾರಾವಾಹಿಗಳ ವಾಹಿನಿಗೆ ಬೇರು ನಾವು ದಿನಾ ಬಸ್ಸು ಹಿಡಿಯುವ ಇದೇ ರಸ್ತೆಯ ಇನ್ನೊಂದು ತುದಿಯಲ್ಲಿತ್ತು!

ಅದೇ 2000ದ ಜುಲೈನಲ್ಲಿ ಹಿಂದಿಯಲ್ಲಿ ‘ಕ್ಯೂಂಕಿ ಸಾಸ್ ಭೀ ಕಭಿ ಬಹು ಥೀ’ ಬಂದು, ಅತ್ತೆ ಸೊಸೆಯರ ಕಣ್ಣೀರಿನ ಯುಗ ಆರಂಭವಾಗಿತ್ತು. ಅದರ ನಿರ್ಮಾಪಕಿ ಏಕತಾ ಕಪೂರ್ ಐದು ವರ್ಷದ ಹಿಂದೆ ‘ಹಮ್ ಪಾಂಚ್’ ಎಂಬ ಹಾಸ್ಯ ಧಾರಾವಾಹಿಯಿಂದ ಹೆಸರು ಮಾಡಿದ್ದರೆಂಬುದನ್ನು ಈಗ ಯಾರೂ ನೆನೆಯುವುದಿಲ್ಲ. ಐವರು ಹೆಣ್ಣುಮಕ್ಕಳು, ಗೋಡೆಯ ಫೋಟೋದೊಳಗಿಂದ ಗಂಡನಿಗೆ ಮಾತು ಕೊಡುವ ಸತ್ತ ಹೆಂಡತಿ, ಎಂಥ ಸೊಗಸಾದ ಕಲ್ಪನೆ! ಹಿಂದಿ ಟಿವಿ ಅಳುವಿನತ್ತ ಹೊರಳಿದ ಆ ಹೊತ್ತಿನಲ್ಲಿ ಕನ್ನಡದಲ್ಲಿ ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ ಮತ್ತು ವಿಜಯಪ್ರಸಾದ್ ನಿರ್ದೇಶನದ ‘ಸಿಲ್ಲಿ ಲಲ್ಲಿ’ ಮನೆಮಾತಾದವು. ನೆರೆಯ ತೆಲುಗಿನಲ್ಲಿ ಗುಣ್ಣಂ ಗಂಗರಾಜು ಅವರ ‘ಅಮೃತಂ’ 2001ರಿಂದ 2007ರವರೆಗೆ ಜೆಮಿನಿ ಟಿವಿಯಲ್ಲಿ ಓಡಿತು. ವಾರಕ್ಕೊಂದು ಕಂತಿನ ‘ಅಮೃತಂ’ ಮುನ್ನೂರು ದಾಟಿತೆಂದು ಪಕ್ಕದ ಮನೆಯವರು ಬೀಗುತ್ತಿದ್ದರೆ, ದಿನಕ್ಕೊಂದು ಕಂತು ನಗಿಸುವ ಕಷ್ಟ ಕನ್ನಡದವರದ್ದಾಗಿತ್ತು. ದಿನವೂ ಅಡುಗೆ ಮಾಡುವವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಳೆಯೂ ಅದೇ, ಹುಣಸೆಹಣ್ಣೂ ಅದೇ, ಸಾರು ಮಾತ್ರ ನಿನ್ನೆಯಂತೆ ಇರಬಾರದು.

ಈಗ ಒಂದು ತೊಡಕಿನ ಪ್ರಶ್ನೆ. ಈ ನಗೆಯಲ್ಲಿ ಹೆಂಗಸಿಗೆ ಸಿಕ್ಕಿದ್ದೇನು? ‘ಪಾಪ ಪಾಂಡು’ವಿನಲ್ಲಿ ಚಿದಾನಂದ್ ಹೆಂಡತಿಗೆ ಹೆದರುವ ಗಂಡ, ಶಾಲಿನಿ ಗಂಡನಿಗೆ ಕೈಯೆತ್ತುವ ಹೆಂಡತಿ. ಕರ್ನಾಟಕವೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಅವರಿಬ್ಬರ ಜಾಗ ಅದಲು ಬದಲು ಮಾಡಿ ನೋಡಿ. ದಿನಾ ಹೆಂಡತಿಗೆ ಹೊಡೆಯುವ ಗಂಡನನ್ನು ಹಾಸ್ಯ ಎಂದು ಯಾರಾದರೂ ತೋರಿಸಬಲ್ಲರೇ? ನಿಜ ಬದುಕು ತಲೆಕೆಳಗಾಗಿ ಕಂಡದ್ದರಿಂದಲೇ ಅದು ನಗೆಯಾಯಿತು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂತು. ಕಾನೂನು ಬರುವಷ್ಟು ಏಟು ಮನೆಗಳಲ್ಲಿ ಬೀಳುತ್ತಿದ್ದ ಅದೇ ದಶಕದಲ್ಲಿ ತೆರೆಯ ಮೇಲೆ ಏಟು ತಿಂದವನು ಪಾಂಡು. ಎಷ್ಟೋ ಹೆಂಗಸರಿಗೆ ಅದು ಅರ್ಧ ಗಂಟೆಯ ಸಮಾಧಾನವಾಗಿದ್ದಿರಬಹುದು. ಹಾಗೆಯೇ, ಹೆಂಡತಿಯೆಂದರೆ ಹೀಗೇ ಎಂದು ಗಂಡಸರು ತಮಾಷೆ ಮಾಡಲು ಒಂದು ನೆಪವೂ ಆಯಿತು.

ಲಲಿತಾಂಬಳ ವಿಷಯ ಇನ್ನೂ ಸೂಕ್ಷ್ಮ. ಮನೆ ಬಿಟ್ಟು ಹೊರಗೆ ಬಂದು ಸಮಾಜ ಸೇವೆ ಎನ್ನುವ ಹೆಂಗಸು ಅಷ್ಟು ಸಲೀಸಾಗಿ ನಗೆಪಾಟಲಾದದ್ದೇಕೆ? ಮೈಕ್ ಬಿಡದ ಗಂಡಸರು ನಮ್ಮ ಸಭೆಗಳಲ್ಲಿ ಕಡಿಮೆಯೇ? ಆದರೂ ಇನ್ನೊಂದು ಮಾತು ಹೇಳಬೇಕು. ಅವಳು ಎಂದೂ ಸೋತು ಮೂಲೆ ಸೇರಲಿಲ್ಲ. ಇವತ್ತು ಎಡವಿದರೂ ನಾಳೆ ಅದೇ ಹುರುಪಿನಿಂದ ಎದ್ದು ಬರುತ್ತಿದ್ದಳು. ಅಳುವ ಸೊಸೆಯರ ಸಾಲಿನಲ್ಲಿ, ನಾಚಿಕೆಯಿಲ್ಲದೆ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಿಕೊಂಡವಳು ಅವಳೊಬ್ಬಳೇ. ಆ ಪಾತ್ರದ ಮೇಲೆ ನನಗೆ ಅಕ್ಕರೆ ಇರುವುದು ಅದಕ್ಕೇ.

ಹೊರನಾಡಿನಲ್ಲಿ ಇರುವ ನಮಗೆ ಈ ಧಾರಾವಾಹಿಗಳಿಂದ ಇನ್ನೊಂದು ಲಾಭವಿತ್ತು, ಅದು ಭಾಷೆ. ಶಾಲೆಯಲ್ಲಿ ಇಂಗ್ಲಿಷ್, ಕೆಳಗಡೆ ಆಟದಲ್ಲಿ ತೆಲುಗು ಮತ್ತು ಹಿಂದಿ ಆಡುವ ಮಕ್ಕಳಿಗೆ ಅಮ್ಮನ ಬಾಯಿ ಬಿಟ್ಟರೆ ಕನ್ನಡ ಕೇಳುವ ಜಾಗ ಟಿವಿಯೊಂದೇ. ಸುದ್ದಿಯ ಕನ್ನಡ ಅವರಿಗೆ ಭಾರ, ಪೌರಾಣಿಕ ಧಾರಾವಾಹಿಯ ಕನ್ನಡ ಇನ್ನೂ ದೂರ. ಜಗಳ, ರೇಗಿಸಾಟ, ಅಡ್ಡಮಾತು, ಗೊಣಗಾಟ, ಇವೆಲ್ಲ ಇರುವ ಮನೆಯ ಕನ್ನಡ ಸಿಗುವುದು ಹಾಸ್ಯದಲ್ಲೇ. ಜೋಕು ಅರ್ಥವಾಗಿ ನಕ್ಕ ಮಗುವಿಗೆ ಭಾಷೆ ಬಂತೆಂದೇ ಲೆಕ್ಕ. ಆದರೆ ಇಲ್ಲೂ ಒಂದು ಕೊರತೆ ಇತ್ತು. ಆ ಧಾರಾವಾಹಿಗಳ ಮನೆಮಾತು ಬಹುಮಟ್ಟಿಗೆ ಬೆಂಗಳೂರು ಮೈಸೂರಿನದು. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಜಿಲ್ಲೆಗಳು. ಈ ಊರಿನ ಹಳೆಯ ಕನ್ನಡಿಗರಲ್ಲಿ ಆ ಕಡೆಯವರೇ ಬಹಳ. ಅವರ ಮಾತು ತೆರೆಯ ಮೇಲೆ ಬಂದಾಗ ಸಾಮಾನ್ಯವಾಗಿ ನಗಿಸಲಿಕ್ಕಷ್ಟೇ ಬರುತ್ತಿತ್ತು, ಮನೆಯ ಯಜಮಾನಿಯ ಮಾತಾಗಿ ಬಂದದ್ದು ಅಪರೂಪ.

2015ರಲ್ಲಿ ಈಟಿವಿ ಕನ್ನಡ ಹೆಸರು ಬದಲಿಸಿಕೊಂಡು ಕಲರ್ಸ್ ಕನ್ನಡವಾಯಿತು. ಅದೇ ಹೊತ್ತಿಗೆ ‘ಮಜಾ ಟಾಕೀಸ್’, ‘ಕಾಮಿಡಿ ಕಿಲಾಡಿಗಳು’ ಮುಂತಾದ ರಂಗದ ಮೇಲಿನ ಹಾಸ್ಯ ಕಾರ್ಯಕ್ರಮಗಳು ಬಂದವು. ಅವುಗಳಲ್ಲಿ ನಗು ಇದೆ, ಮನೆ ಇಲ್ಲ. ಹತ್ತು ನಿಮಿಷದ ಸ್ಕಿಟ್ ಮುಗಿದರೆ ಆ ಪಾತ್ರದ ಆಯುಸ್ಸೂ ಮುಗಿಯಿತು. ‘ಪಾಪ ಪಾಂಡು’ವನ್ನು 2018ರಲ್ಲಿ ಕಲರ್ಸ್ ಸೂಪರ್ ಮತ್ತೆ ತಂದಿತು. ಅಷ್ಟರಲ್ಲಿ ಎಲ್ಲರೂ ಒಂದೇ ಟಿವಿಯ ಮುಂದೆ ಕೂರುವ ಪಡಸಾಲೆಯೇ ಚದುರಿ, ಒಬ್ಬೊಬ್ಬರ ಕೈಗೆ ಒಂದೊಂದು ಮೊಬೈಲ್ ಬಂದಿತ್ತು. ಮೂವತ್ತು ಸೆಕೆಂಡಿನ ರೀಲಿನಲ್ಲೂ ಅತ್ತೆ ಸೊಸೆಯ ಜೋಕು ಇದೆ, ಆದರೆ ಅತ್ತೆ ಸೊಸೆ ಒಟ್ಟಿಗೆ ಕೂತು ನೋಡುವುದಿಲ್ಲ.

ಗೆಳತಿಯರೇ, ಈ ಚರಿತ್ರೆಯಲ್ಲಿ ನಾನು ಎಣಿಸಿದ ನಿರ್ದೇಶಕರ ಹೆಸರುಗಳನ್ನು ಮತ್ತೊಮ್ಮೆ ನೋಡಿ, ಎಲ್ಲರೂ ಗಂಡಸರೇ. ನಮ್ಮ ಅಡುಗೆಮನೆ, ನಮ್ಮ ನೆಂಟರು, ನಮ್ಮ ಸಂಘಗಳನ್ನು ನೋಡಿ ಅವರು ನಗಿಸಿದರು, ಚೆನ್ನಾಗಿಯೇ ನಗಿಸಿದರು. ಸುನಂದಮ್ಮನವರು ಪುಟದ ಮೇಲೆ ಮಾಡಿದ ಕೆಲಸ, ಭುವನೇಶ್ವರಿ ಹೆಗಡೆಯವರು ಮುಂದುವರಿಸಿದ ಕೆಲಸ, ಟಿವಿಗೆ ಇನ್ನೂ ಅಷ್ಟಾಗಿ ದಾಟಿಲ್ಲ. ಅದಕ್ಕೆ ದೊಡ್ಡ ಸ್ಟುಡಿಯೋ ಕಾಯಬೇಕಾಗಿಲ್ಲ. ಮುಂದಿನ ರಾಜ್ಯೋತ್ಸವಕ್ಕೆ ನಮ್ಮ ವೇದಿಕೆಯಿಂದ ಹದಿನೈದು ನಿಮಿಷದ ಒಂದು ಹಾಸ್ಯ ನಾಟಕ ನಾವೇ ಬರೆಯೋಣ. ಒಂದೇ ಫ್ಲಾಟು, ನಾಲ್ಕು ಪಾತ್ರ, ಒಂದು ಫಜೀತಿ ಸಾಕು. ಒಬ್ಬಳು ಮೈಸೂರಿನ ಕನ್ನಡ ಆಡಲಿ, ಇನ್ನೊಬ್ಬಳು ಕಲಬುರಗಿಯದು ಆಡಲಿ, ಪಕ್ಕದ ಮನೆಯವರು ತೆಲುಗಿನಲ್ಲಿ ಬಂದು ಸಕ್ಕರೆ ಕೇಳಲಿ. ಲಲಿತಾಂಬಳ ಪಾತ್ರ ಯಾರಿಗೆ ಎಂಬ ಜಗಳ ಬೇಡ, ಮೈಕ್ ಬಿಡದವರು ನಮ್ಮಲ್ಲಿ ನಾಲ್ಕಾರು ಜನ ಇದ್ದೇ ಇದ್ದೇವೆ.